ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದ್ಯ, ಮನರಂಜನೆಯ ಪರವಾನಗಿ

ಪಬ್, ಬಾರ್, ನೈಟ್‌ಕ್ಲಬ್, ಮದ್ಯದಂಗಡಿ, ನಾಟಕಶಾಲೆ, ಚಿತ್ರಮಂದಿರ, ರಾತ್ರಿ ಹನ್ನೊಂದರ ಮೇಲೆ ಬಿಸಿ ತಿಂಡಿ ಮಾರುವ ಅಂಗಡಿ ಇವುಗಳಿಗೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪರವಾನಗಿ ಕೊಡುವುದು ಆಯಾ ಊರಿನ ಜನ ಮತ ಹಾಕಿ ಆರಿಸಿದ ಕೌನ್ಸಿಲ್. ಈ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಒಪ್ಪಿಸಿದ್ದು 2003ರ ಪರವಾನಗಿ ಕಾಯ್ದೆ. 2003ರ ಜುಲೈ 10ರಂದು ರಾಜಾಂಕಿತ ಪಡೆದ ಈ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ನವೆಂಬರ್ 24ರಂದು. ಇದರ ಅಡಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜಾಗಗಳು ಪರವಾನಗಿ ಪಡೆದಿವೆ.

ಕುಡಿತ ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಯನ್ನು ಈ ಕಾಯ್ದೆ ಕೌನ್ಸಿಲ್ ಮುಂದೆ ಇಡುವುದೇ ಇಲ್ಲ. ಈ ಬೀದಿಗೆ ಇನ್ನೊಂದು ಬಾರ್ ಬೇಕೇ ಎಂದು ಕೇಳಲೂ ಅವಕಾಶವಿಲ್ಲ. ಇಂಥ ಕಟ್ಟಡದಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ವ್ಯವಹಾರ ನಡೆದರೆ ಸುತ್ತಲಿನವರಿಗೆ ಏನಾಗುತ್ತದೆ, ಆಗುವ ತೊಂದರೆಯನ್ನು ತಡೆಯಲು ಏನು ಮಾಡಬಹುದು ಎಂದು ನೋಡುವುದಷ್ಟೇ ಕೌನ್ಸಿಲ್ಲಿನ ಕೆಲಸ. ಜೊತೆಗೆ ಇನ್ನೊಂದು ನಿಯಮವಿದೆ. ಕ್ರಮಬದ್ಧವಾದ ಅರ್ಜಿಗೆ ಯಾರೂ ತಕರಾರು ಸಲ್ಲಿಸದಿದ್ದರೆ ಕೌನ್ಸಿಲ್ ಪರವಾನಗಿ ಕೊಡಲೇಬೇಕು. ಇಡೀ ವ್ಯವಸ್ಥೆ ನಿಂತಿರುವುದು ಈ ನಿಯಮದ ಮೇಲೆ. ಮಾತಾಡಬಲ್ಲ ಊರಿಗೆ ಇದು ಬಲ ಕೊಡುತ್ತದೆ. ಮಾತಾಡಲು ಪುರುಸೊತ್ತಾಗಲಿ ಭಾಷೆಯಾಗಲಿ ಇಲ್ಲದ ಬೀದಿಯನ್ನು ಕೈಬಿಡುತ್ತದೆ.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಮದ್ಯದ ಪರವಾನಗಿ ನಾಲ್ಕೂವರೆ ಶತಮಾನ ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. ಆರನೇ ಎಡ್ವರ್ಡನ ಕಾಲದಲ್ಲಿ, 1552ರಲ್ಲಿ, ಬಿಯರ್ ಮನೆ ನಡೆಸಬೇಕಾದರೆ ಇಬ್ಬರು ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕೆಂಬ ಕಾನೂನು ಬಂತು. ನಡುವೆ ಒಮ್ಮೆ ಈ ಹಿಡಿತ ಸಡಿಲವಾಯಿತು. ಜನ ಜಿನ್ ಬಿಟ್ಟು ಬಿಯರಿಗೆ ಹೊರಳಲಿ, ಪೈಪೋಟಿ ಹೆಚ್ಚಲಿ ಎಂಬ ಆಸೆಯಿಂದ 1830ರ ಕಾಯ್ದೆಯು ಎರಡು ಗಿನಿ ಕಟ್ಟಿದ ಯಾವ ತೆರಿಗೆದಾರನಿಗೂ ಬಿಯರ್ ಮಾರುವ ಹಕ್ಕು ಕೊಟ್ಟಿತು. ಸಾವಿರಾರು ಬಿಯರ್ ಅಂಗಡಿಗಳು ಕೆಲವೇ ತಿಂಗಳಲ್ಲಿ ತಲೆಯೆತ್ತಿದವು. 1869ರಲ್ಲಿ ಅವನ್ನು ಮತ್ತೆ ಮ್ಯಾಜಿಸ್ಟ್ರೇಟರ ಅಂಕೆಗೆ ತರಬೇಕಾಯಿತು.

ಆ ಕಾಲದ ಮ್ಯಾಜಿಸ್ಟ್ರೇಟರಿಗೆ ಇಂದಿನ ಕೌನ್ಸಿಲ್‌ಗಳಿಗೆ ಇಲ್ಲದ ಒಂದು ಅಧಿಕಾರವಿತ್ತು. 1891ರ ಶಾರ್ಪ್ ವಿರುದ್ಧ ವೇಕ್‌ಫೀಲ್ಡ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್, ಒಂದು ಪ್ರದೇಶಕ್ಕೆ ಮದ್ಯದಂಗಡಿ ಅಗತ್ಯವೇ ಎಂಬುದನ್ನು ತೂಗಿ ಪರವಾನಗಿಯ ನವೀಕರಣವನ್ನೇ ನಿರಾಕರಿಸಬಹುದೆಂದು ಹೇಳಿತು. ಅಲ್ಲಿಂದ ಮುಂದೆ ಬಹಳ ಕಾಲ ‘ಅಗತ್ಯ’ ಎಂಬುದು ಪರವಾನಗಿಯ ಮುಖ್ಯ ಅಳತೆಗೋಲಾಗಿತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ, ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಕೆಲಸ ಕೆಡದಂತೆ ಪಬ್‌ಗಳ ಹೊತ್ತನ್ನು ಕತ್ತರಿಸಲಾಯಿತು. ಮಧ್ಯಾಹ್ನ ಬಾಗಿಲು ಮುಚ್ಚಬೇಕೆಂಬ ಆಗಿನ ಪದ್ಧತಿ ವಾರದ ದಿನಗಳಲ್ಲಿ 1988ರವರೆಗೂ ಉಳಿಯಿತು. ರಾತ್ರಿ ಹನ್ನೊಂದಕ್ಕೆ ಗಂಟೆ ಬಾರಿಸಿ ಗಿರಾಕಿಗಳನ್ನು ಹೊರಗೆ ಕಳಿಸುವುದಂತೂ 2005ರವರೆಗೆ ನಡೆದೇ ಇತ್ತು. ಎಲ್ಲ ಪಬ್‌ಗಳೂ ಒಂದೇ ಗಳಿಗೆಯಲ್ಲಿ ಮುಚ್ಚಿ, ಕುಡಿದವರೆಲ್ಲ ಒಟ್ಟಿಗೆ ಬೀದಿಗೆ ಬಂದು, ಟ್ಯಾಕ್ಸಿಗೂ ಕಬಾಬಿಗೂ ಜಗಳವಾಡುವುದನ್ನು ತಪ್ಪಿಸಬೇಕೆಂಬುದು ಹೊಸ ಕಾಯ್ದೆಯ ಹಿಂದಿದ್ದ ವಾದಗಳಲ್ಲಿ ಒಂದು.

ಮನರಂಜನೆಯ ಕಾನೂನು ಬೇರೆ ದಾರಿಯಲ್ಲಿ ಬೆಳೆದುಬಂದಿತ್ತು. ಲಂಡನ್ನಿನ ಸುತ್ತ ಸಂಗೀತ, ನೃತ್ಯ ನಡೆಸುವ ಮನೆಗಳಿಗೆ 1751ರಿಂದಲೇ ಪರವಾನಗಿ ಬೇಕಿತ್ತು. ನಾಟಕಗಳ ಹಸ್ತಪ್ರತಿಗೆ ಲಾರ್ಡ್ ಚೇಂಬರ್ಲಿನ್ ಕಚೇರಿಯ ಒಪ್ಪಿಗೆ ಬೇಕೆಂಬ ಸೆನ್ಸಾರ್ 1968ರ ರಂಗಮಂದಿರ ಕಾಯ್ದೆಯವರೆಗೆ ಇತ್ತು. ಚಿತ್ರಮಂದಿರದ ಪರವಾನಗಿ 1909ರಲ್ಲಿ ಶುರುವಾದದ್ದು ಬೆಂಕಿಯ ಭಯದಿಂದ. ಆಗಿನ ನೈಟ್ರೇಟ್ ಫಿಲ್ಮ್ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತಿತ್ತು. ಬೆಂಕಿಯ ಹೆಸರಿನಲ್ಲಿ ಬಂದ ಅಧಿಕಾರವನ್ನು ಕೌನ್ಸಿಲ್‌ಗಳು ಬೇಗನೆ ಚಿತ್ರದ ವಸ್ತುವಿಗೂ ಹಿಗ್ಗಿಸಿಕೊಂಡವು. ಸೆನ್ಸಾರ್ ಮಂಡಳಿ ಪಾಸು ಮಾಡಿದ ಚಿತ್ರವನ್ನು ತನ್ನ ವ್ಯಾಪ್ತಿಯಲ್ಲಿ ತಡೆಯುವ ಅಧಿಕಾರ ಇಂದಿಗೂ ಕೌನ್ಸಿಲ್‌ಗೆ ಉಂಟು. 1979ರಲ್ಲಿ ‘ಲೈಫ್ ಆಫ್ ಬ್ರಯಾನ್’ ಚಿತ್ರವನ್ನು ಹಲವು ಕೌನ್ಸಿಲ್‌ಗಳು ನಿಷೇಧಿಸಿದವು. ಡೇವಿಡ್ ಕ್ರೋನೆನ್‌ಬರ್ಗ್ ಅವರ ‘ಕ್ರ್ಯಾಶ್’ ಚಿತ್ರವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ತಡೆಯಿತು. ಪಕ್ಕದ ಕ್ಯಾಮ್ಡೆನ್‌ನಲ್ಲಿ ಅದನ್ನು ತೋರಿಸಿದರು.

ಹೀಗೆ ಹರಿದು ಹಂಚಿಹೋಗಿದ್ದ ಕಾನೂನುಗಳನ್ನೆಲ್ಲ 2003ರ ಕಾಯ್ದೆ ಒಂದೇ ಪರವಾನಗಿಯೊಳಗೆ ತಂದಿತು. ಮ್ಯಾಜಿಸ್ಟ್ರೇಟರಿಂದ ಅಧಿಕಾರ ತೆಗೆದದ್ದಕ್ಕೆ ಸರ್ಕಾರ ಕೊಟ್ಟ ಕಾರಣ ನೇರವಾಗಿತ್ತು. ಗದ್ದಲ ಅನುಭವಿಸುವವರು ಊರಿನವರು, ಹಾಗಾಗಿ ತೀರ್ಮಾನಿಸುವವರು ಊರಿನ ಮತಕ್ಕೆ ಉತ್ತರಿಸುವವರಾಗಿರಬೇಕು. ಆದರೆ ಇದೇ ಹೊತ್ತಿನಲ್ಲಿ ‘ಅಗತ್ಯ’ದ ಅಳತೆಗೋಲನ್ನು ಕಿತ್ತುಹಾಕಿ, ಎಷ್ಟು ಬಾರ್ ಬೇಕೆಂಬುದನ್ನು ಮಾರುಕಟ್ಟೆಗೆ ಬಿಟ್ಟರು. ಊರಿಗೆ ಕೊಟ್ಟ ಅಧಿಕಾರದ ಒಂದು ದೊಡ್ಡ ಭಾಗವನ್ನು ಕೊಡುವಾಗಲೇ ಹಿಂದಕ್ಕೆ ಪಡೆದಂತಾಯಿತು.

ಯಾವುದಕ್ಕೆ ಪರವಾನಗಿ

ಕಾಯ್ದೆ ನಾಲ್ಕು ಬಗೆಯ ಚಟುವಟಿಕೆಗಳನ್ನು ಹಿಡಿಯುತ್ತದೆ: ಮದ್ಯದ ಚಿಲ್ಲರೆ ಮಾರಾಟ, ಕ್ಲಬ್ಬಿನಲ್ಲಿ ಸದಸ್ಯರಿಗೆ ಮದ್ಯ ಪೂರೈಕೆ, ನಿಯಂತ್ರಿತ ಮನರಂಜನೆ, ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ಆಹಾರ ಅಥವಾ ಬಿಸಿ ಪಾನೀಯ ಮಾರುವುದು. ಇವು ನಡೆಯುವ ಜಾಗಕ್ಕೆ ಬೇಕಾದದ್ದು ಆವರಣ ಪರವಾನಗಿ. ಮದ್ಯ ಮಾರುವಲ್ಲಿ ಅದರ ಜೊತೆಗೆ ವೈಯಕ್ತಿಕ ಪರವಾನಗಿ ಪಡೆದ ಒಬ್ಬ ಮೇಲ್ವಿಚಾರಕರ ಹೆಸರನ್ನೂ ನಮೂದಿಸಿರಬೇಕು. ಏನಾದರೂ ಎಡವಟ್ಟಾದಾಗ ಪೊಲೀಸರು ಮೊದಲು ಕರೆಯುವುದು ಅವರನ್ನು. ಆವರಣ ಪರವಾನಗಿಗೆ ಸಾಮಾನ್ಯವಾಗಿ ಕೊನೆಯ ದಿನಾಂಕ ಇರುವುದಿಲ್ಲ. ವರ್ಷವರ್ಷ ನವೀಕರಿಸುವ ಗೋಜೂ ಇಲ್ಲ. ಹಾಗಾಗಿ ಒಮ್ಮೆ ಕೊಟ್ಟದ್ದನ್ನು ಮತ್ತೆ ಮುಟ್ಟಲು ಮುಂದೆ ಹೇಳುವ ಮರುಪರಿಶೀಲನೆಯೊಂದೇ ದಾರಿ.

ಮನರಂಜನೆಯ ಮೇಲಿನ ಹಿಡಿತ ಕಾಲಕ್ರಮೇಣ ಸಡಿಲವಾಗಿದೆ, ಅದು ಒಳ್ಳೆಯದೇ ಆಯಿತು. ಹಳೆಯ ಕಾನೂನಿನಲ್ಲಿ ಪಬ್ಬಿನ ಮೂಲೆಯಲ್ಲಿ ಇಬ್ಬರವರೆಗೆ ಹಾಡಿ ನುಡಿಸಲು ಬೇರೆ ಪರವಾನಗಿ ಬೇಕಿರಲಿಲ್ಲ. 2003ರ ಕಾಯ್ದೆ ಆ ವಿನಾಯಿತಿಯನ್ನು ಅಳಿಸಿಹಾಕಿತು. ಜನಪದ ಸಂಗೀತಗಾರರೂ ಜಾಝ್ ಕಲಾವಿದರೂ ಸಿಟ್ಟಾದರು. ಲಾರ್ಡ್ ಕ್ಲೆಮೆಂಟ್ ಜೋನ್ಸ್ ಮಂಡಿಸಿದ ಖಾಸಗಿ ಸದಸ್ಯರ ಮಸೂದೆ 2012ರಲ್ಲಿ ನೇರ ಸಂಗೀತ ಕಾಯ್ದೆಯಾಗಿ ಈ ತಪ್ಪನ್ನು ತಿದ್ದಿತು. ಈಗ ಬೆಳಗಿನ 8ರಿಂದ ರಾತ್ರಿ 11ರವರೆಗೆ ಧ್ವನಿವರ್ಧಕವಿಲ್ಲದ ನೇರ ಸಂಗೀತಕ್ಕೆ ಎಲ್ಲಿಯೂ ಪರವಾನಗಿ ಬೇಡ. ಮದ್ಯದ ಪರವಾನಗಿ ಇರುವ ಜಾಗದಲ್ಲಿ 500 ಶ್ರೋತೃಗಳವರೆಗೆ ಧ್ವನಿವರ್ಧಕವನ್ನೂ ಬಳಸಬಹುದು. ಮೊದಲು 200 ಇದ್ದ ಈ ಮಿತಿಯನ್ನು 2015ರಲ್ಲಿ ಏರಿಸಲಾಯಿತು. 500 ಪ್ರೇಕ್ಷಕರವರೆಗಿನ ನಾಟಕ, ನೃತ್ಯಗಳೂ ಇದೇ ಹೊತ್ತಿನೊಳಗೆ ಮುಕ್ತ.

ಬ್ರಿಟನ್ನಿನ ಕನ್ನಡ ಸಂಘಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಸಮುದಾಯ ಭವನ ಬಾಡಿಗೆಗೆ ಹಿಡಿದಾಗ ಈ ವಿನಾಯಿತಿಗಳು ನೇರವಾಗಿ ನೆರವಿಗೆ ಬರುತ್ತವೆ. ಸಭಿಕರು 500 ಮೀರದಿದ್ದರೆ ನಾಟಕ, ಭರತನಾಟ್ಯಕ್ಕೆ ಅನುಮತಿಯ ಚಿಂತೆಯಿಲ್ಲ. ಭವನದವರು ಒಪ್ಪಿದರೆ ಮೈಕು ಹಿಡಿದು ಭಾವಗೀತೆ ಹಾಡಲೂ ಅಡ್ಡಿಯಿಲ್ಲ. ಲಾಭಕ್ಕಾಗಿ ಟಿಕೆಟ್ ಇಟ್ಟು ಕನ್ನಡ ಚಿತ್ರ ತೋರಿಸುವುದಾದರೆ ಮಾತ್ರ ಪರವಾನಗಿ ಇರುವ ಜಾಗವೇ ಬೇಕು. ಪರವಾನಗಿ ಇಲ್ಲದ ಭವನದಲ್ಲಿ ಊಟದ ಜೊತೆ ವೈನ್ ಮಾರುವುದಾದರೆ ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕು. ಇದರ ಶುಲ್ಕ 21 ಪೌಂಡ್. ಸಿಬ್ಬಂದಿಯೂ ಸೇರಿ ಜನ 499 ಮೀರಬಾರದು, ಕಾರ್ಯಕ್ರಮ 168 ಗಂಟೆ ದಾಟಬಾರದು, ಹತ್ತು ಕೆಲಸದ ದಿನಗಳ ಮೊದಲೇ ನೋಟಿಸ್ ಕೌನ್ಸಿಲ್ ತಲುಪಿರಬೇಕು. ಆಕ್ಷೇಪಿಸುವ ಹಕ್ಕು ಪೊಲೀಸರಿಗೆ ಮತ್ತು ಪರಿಸರ ಆರೋಗ್ಯ ಅಧಿಕಾರಿಗಳಿಗೆ ಮಾತ್ರ. ಅದಕ್ಕೆ ಅವರಿಗಿರುವುದು ಮೂರು ಕೆಲಸದ ದಿನ. ಅಕ್ಕಪಕ್ಕದ ಮನೆಯವರಿಗೆ ಇಲ್ಲಿ ದನಿಯಿಲ್ಲ.

ಅರ್ಜಿ ಮತ್ತು ತಕರಾರು

ತೀರ್ಮಾನದ ತಳಹದಿ ನಾಲ್ಕು ಉದ್ದೇಶಗಳು: ಅಪರಾಧ ಮತ್ತು ಅಶಾಂತಿಯ ತಡೆ, ಸಾರ್ವಜನಿಕರ ಸುರಕ್ಷತೆ, ಸಾರ್ವಜನಿಕ ಕಿರುಕುಳದ ತಡೆ, ಮಕ್ಕಳನ್ನು ಹಾನಿಯಿಂದ ಕಾಪಾಡುವುದು. ಅರ್ಜಿದಾರರು ನಕ್ಷೆ, ಶುಲ್ಕಗಳ ಜೊತೆಗೆ ತಾವು ಯಾವ ಹೊತ್ತಿನಲ್ಲಿ ಏನು ನಡೆಸುತ್ತೇವೆ, ಈ ನಾಲ್ಕು ಉದ್ದೇಶಗಳಿಗೆ ಧಕ್ಕೆಯಾಗದಂತೆ ಏನು ಮಾಡುತ್ತೇವೆ ಎಂಬ ಕಾರ್ಯಾಚರಣೆಯ ವಿವರಪಟ್ಟಿ ಕೊಡಬೇಕು. ಅನುಭವಿ ವಕೀಲರು ಹೆಚ್ಚು ಕಾಳಜಿಯಿಂದ ಬರೆಯುವುದು ಈ ಪಟ್ಟಿಯನ್ನೇ. ಇದರಲ್ಲಿ ಕೊಟ್ಟ ಮಾತುಗಳೇ ಮುಂದೆ ಪರವಾನಗಿಯ ಷರತ್ತುಗಳಾಗುತ್ತವೆ. ಷರತ್ತು ಮೀರಿ ವ್ಯವಹಾರ ನಡೆಸುವುದು ಅಪರಾಧ, ಆರು ತಿಂಗಳವರೆಗೆ ಸೆರೆವಾಸಕ್ಕೂ ಮಿತಿಯಿಲ್ಲದ ದಂಡಕ್ಕೂ ದಾರಿ.

ಅರ್ಜಿ ಸಲ್ಲಿಸಿದ ಮೇಲೆ ಆ ಜಾಗದ ಹೊರಗೆ, ದಾರಿಹೋಕರಿಗೆ ಓದಲು ಸಿಗುವಂತೆ, ತಿಳಿನೀಲಿ ಕಾಗದದ ಸೂಚನೆಯನ್ನು 28 ದಿನ ಅಂಟಿಸಿರಬೇಕು. ಕಾಗದದ ಅಳತೆ, ಬಣ್ಣ, ಅಕ್ಷರದ ಗಾತ್ರ ಎಲ್ಲವನ್ನೂ ನಿಯಮ ಗೊತ್ತುಮಾಡಿದೆ. ಸ್ಥಳೀಯ ಪತ್ರಿಕೆಯಲ್ಲೂ ಒಮ್ಮೆ ಪ್ರಕಟಣೆ ಬರಬೇಕು. ಇದೇ 28 ದಿನಗಳೊಳಗೆ ಯಾರು ಬೇಕಾದರೂ ಪರವಾಗಿಯೋ ವಿರುದ್ಧವಾಗಿಯೋ ಅಹವಾಲು ಸಲ್ಲಿಸಬಹುದು. ಮೊದಲು ಆಸುಪಾಸಿನಲ್ಲಿ ವಾಸಿಸುವವರಿಗೆ, ವ್ಯಾಪಾರ ಮಾಡುವವರಿಗೆ ಮಾತ್ರ ಈ ಹಕ್ಕಿತ್ತು. 2012ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಅಹವಾಲು ನಾಲ್ಕು ಉದ್ದೇಶಗಳಲ್ಲಿ ಒಂದಕ್ಕಾದರೂ ಸಂಬಂಧಿಸಿರಬೇಕು. ‘ಹೊಸ ಬಾರ್ ಬಂದರೆ ನನ್ನ ವ್ಯಾಪಾರ ಬೀಳುತ್ತದೆ’, ‘ನಮ್ಮ ಬೀದಿಗೆ ಕುಡಿತ ಶೋಭೆಯಲ್ಲ’, ‘ಮನೆಗಳ ಬೆಲೆ ಇಳಿಯುತ್ತದೆ’ ಎಂಬಂಥವು ಲೆಕ್ಕಕ್ಕೆ ಬರುವುದಿಲ್ಲ. ‘ನನ್ನ ಮಲಗುವ ಕೋಣೆಯ ಕಿಟಕಿಯಿಂದ ಆ ಅಂಗಳ ಇಷ್ಟೇ ದೂರ, ಹಿಂದಿನ ಬಾರ್ ಇದ್ದಾಗ ರಾತ್ರಿ ಒಂದರವರೆಗೆ ನಿದ್ದೆಯಿರಲಿಲ್ಲ, ದೂರು ಕೊಟ್ಟ ದಿನಾಂಕಗಳು ಇಂಥವು’ ಎಂದು ಬರೆದದ್ದಕ್ಕೆ ಬೆಲೆಯುಂಟು. ನೂರು ಜನ ಸಹಿ ಹಾಕಿದ ಒಂದೇ ಒಕ್ಕಣೆಯ ಮನವಿಗಿಂತ ಇಂಥ ಒಂದು ಪತ್ರ ವಿಚಾರಣೆಯಲ್ಲಿ ಹೆಚ್ಚು ತೂಗುತ್ತದೆ.

ನಿವಾಸಿಗಳ ಜೊತೆಗೆ ಕಾಯ್ದೆ ಹೆಸರಿಸಿದ ಹೊಣೆಗಾರ ಸಂಸ್ಥೆಗಳಿವೆ: ಪೊಲೀಸ್, ಅಗ್ನಿಶಾಮಕ ದಳ, ಪರಿಸರ ಆರೋಗ್ಯ, ನಗರ ಯೋಜನೆ, ತೂಕ ಅಳತೆ ಮತ್ತು ವ್ಯಾಪಾರ ನಿಯಮ ಪಾಲನೆಯವರು, ಮಕ್ಕಳ ರಕ್ಷಣೆಯ ಮಂಡಳಿ ಮುಂತಾದವು. 2012ರಿಂದ ಸ್ಥಳೀಯ ಆರೋಗ್ಯ ಸಂಸ್ಥೆಗಳೂ ಪರವಾನಗಿ ಪ್ರಾಧಿಕಾರವೂ (ಅಂದರೆ ಕೌನ್ಸಿಲ್ ತಾನೇ), 2017ರಿಂದ ವಲಸೆ ಅಧಿಕಾರಿಗಳೂ ಈ ಪಟ್ಟಿಯಲ್ಲಿವೆ. ರೂಢಿಯಲ್ಲಿ ಬಹುಪಾಲು ಅರ್ಜಿಗಳು ವಿಚಾರಣೆಯವರೆಗೆ ಹೋಗುವುದೇ ಇಲ್ಲ. ಪೊಲೀಸ್ ಅಧಿಕಾರಿ ಫೋನ್ ಮಾಡಿ ‘ಒಂದು ಗಂಟೆ ಮೊದಲು ಮುಚ್ಚಿ, ಬಾಗಿಲಲ್ಲಿ ಇಬ್ಬರು ಕಾವಲಿನವರನ್ನು ನಿಲ್ಲಿಸಿ, ನಾವು ತಕರಾರು ಮಾಡುವುದಿಲ್ಲ’ ಎನ್ನುತ್ತಾರೆ, ಅರ್ಜಿದಾರರು ಒಪ್ಪುತ್ತಾರೆ, ಷರತ್ತು ಸೇರಿಸಿ ಅಧಿಕಾರಿ ಮಟ್ಟದಲ್ಲೇ ಪರವಾನಗಿ ಹೊರಡುತ್ತದೆ. ಕಾಣದೆ ನಡೆಯುವ ಈ ಮಾತುಕತೆಯೇ ಊರಿನ ರಾತ್ರಿಯ ಬದುಕನ್ನು ಹೆಚ್ಚು ರೂಪಿಸುತ್ತದೆ.

ವಿಚಾರಣೆ

ಅಹವಾಲನ್ನು ಹಿಂಪಡೆಯದಿದ್ದರೆ, 28 ದಿನ ಮುಗಿದ ಮೇಲೆ 20 ಕೆಲಸದ ದಿನಗಳೊಳಗೆ ವಿಚಾರಣೆ ನಡೆಯಬೇಕು. ಪ್ರತಿ ಕೌನ್ಸಿಲ್‌ನಲ್ಲೂ 10ರಿಂದ 15 ಕೌನ್ಸಿಲರುಗಳ ಪರವಾನಗಿ ಸಮಿತಿ ಇರುತ್ತದೆ. ಪ್ರಕರಣಗಳನ್ನು ಕೇಳುವುದು ಅದರಿಂದ ಆರಿಸಿದ ಮೂವರ ಉಪಸಮಿತಿ. ಪಕ್ಕದಲ್ಲಿ ಕೌನ್ಸಿಲ್ಲಿನ ಕಾನೂನು ಸಲಹೆಗಾರರು ಕುಳಿತಿರುತ್ತಾರೆ, ಆದರೆ ತೀರ್ಮಾನ ಮೂವರದೇ. ಪಕ್ಷದ ಆದೇಶಕ್ಕೆ ಇಲ್ಲಿ ಜಾಗವಿಲ್ಲ. ಆ ವಾರ್ಡಿನ ಕೌನ್ಸಿಲರು ನಿವಾಸಿಗಳ ಪರವಾಗಿ ಮಾತಾಡಬಹುದು. ಹಾಗೆ ಮಾತಾಡಿದವರು ತೀರ್ಪು ಹೇಳುವವರ ಜೊತೆ ಕೂರುವಂತಿಲ್ಲ.

2005ರ ವಿಚಾರಣಾ ನಿಯಮಗಳ ಪ್ರಕಾರ ಇದು ಉಪಸಮಿತಿ ಮುನ್ನಡೆಸುವ ಚರ್ಚೆ. ನ್ಯಾಯಾಲಯದ ಪಾಟೀಸವಾಲು ಸಾಮಾನ್ಯವಾಗಿ ಇಲ್ಲ. ಬೇಕೇಬೇಕು ಎನಿಸಿದರೆ ಮಾತ್ರ ಅನುಮತಿ. ಎಲ್ಲ ಕಕ್ಷಿಗಳಿಗೂ ಒಂದೇ ಪ್ರಮಾಣದ ಗರಿಷ್ಠ ಸಮಯ ಕೊಡಬೇಕು. ಇಷ್ಟಿದ್ದರೂ ಕೋಣೆಯೊಳಗೆ ಎರಡು ಕಡೆಯೂ ಸಮಬಲವಲ್ಲ. ದೊಡ್ಡ ಪಬ್ ಸರಣಿಯ ಪರವಾಗಿ ಪರವಾನಗಿ ಕಾನೂನನ್ನೇ ಕಸುಬಾಗಿಸಿಕೊಂಡ ಬ್ಯಾರಿಸ್ಟರ್, ಶಬ್ದದ ಅಳತೆ ತಂದಿರುವ ತಜ್ಞರು. ಎದುರಿಗೆ ಕೆಲಸಕ್ಕೆ ರಜೆ ಹಾಕಿ ಬಂದ ಇಬ್ಬರು ನಿವಾಸಿಗಳು. ಒಳ್ಳೆಯ ಅಧ್ಯಕ್ಷರಿರುವ ಉಪಸಮಿತಿ ತಾನೇ ಪ್ರಶ್ನೆ ಕೇಳಿ ಈ ಅಂತರ ತುಂಬುತ್ತದೆ. ಹಿಂದಿನ ಅಂಗಳದ ಬಾಗಿಲು ರಾತ್ರಿ ಎಷ್ಟಕ್ಕೆ ಮುಚ್ಚುತ್ತೀರಿ, ಖಾಲಿ ಬಾಟಲಿಗಳನ್ನು ತೊಟ್ಟಿಗೆ ಸುರಿಯುವುದು ಯಾವಾಗ, ಸಿಗರೇಟು ಸೇದುವವರು ಎಲ್ಲಿ ನಿಲ್ಲುತ್ತಾರೆ, ಟ್ಯಾಕ್ಸಿಗಳು ಎಲ್ಲಿ ಕಾಯುತ್ತವೆ? ಒಂದು ಬೀದಿಯ ನೆಮ್ಮದಿ ತೀರ್ಮಾನವಾಗುವುದು ಇಂಥ ಸಣ್ಣ ಪ್ರಶ್ನೆಗಳ ಉತ್ತರದಲ್ಲಿ.

ಕೇಳಿದ ಮೇಲೆ ಉಪಸಮಿತಿ ಪರವಾನಗಿ ಕೊಡಬಹುದು, ಷರತ್ತು ಹೆಚ್ಚಿಸಬಹುದು, ಹೊತ್ತು ಕಡಿಮೆ ಮಾಡಬಹುದು, ಕೇಳಿದ ಚಟುವಟಿಕೆಗಳಲ್ಲಿ ಕೆಲವನ್ನು ಕೈಬಿಡಬಹುದು, ಸೂಚಿಸಿದ ಮೇಲ್ವಿಚಾರಕರನ್ನು ಒಪ್ಪದಿರಬಹುದು, ಇಲ್ಲವೇ ಅರ್ಜಿಯನ್ನು ತಿರಸ್ಕರಿಸಬಹುದು. ಹಾಗೆ ಮಾಡುವುದು ನಾಲ್ಕು ಉದ್ದೇಶಗಳಿಗೆ ‘ಸೂಕ್ತ’ವಾಗಿರಬೇಕು. 2012ರವರೆಗೆ ‘ಅನಿವಾರ್ಯ’ವಾಗಿರಬೇಕು ಎಂದಿತ್ತು, ಹಾಗಾಗಿ ಕೌನ್ಸಿಲ್‌ಗಳ ಕೈಕಟ್ಟು ಈಗ ಸ್ವಲ್ಪ ಸಡಿಲವಾಗಿದೆ. ಪೂರ್ಣ ನಿರಾಕರಣೆ ಕೊನೆಯ ಅಸ್ತ್ರ. ನಿಜವಾದ ಆಡಳಿತ ನಡೆಯುವುದು ಷರತ್ತುಗಳಲ್ಲಿ. ಸಿಸಿಟಿವಿ ಚಿತ್ರಗಳನ್ನು 31 ದಿನ ಕಾದಿಡಬೇಕು, 25ಕ್ಕಿಂತ ಚಿಕ್ಕವರಂತೆ ಕಂಡವರಿಂದ ಗುರುತಿನ ಚೀಟಿ ಕೇಳಬೇಕು, ಸಂಗೀತ ನಡೆಯುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು, ಇಂಥ ಹೊತ್ತಿನ ಮೇಲೆ ಹೊಸಬರಿಗೆ ಪ್ರವೇಶವಿಲ್ಲ ಎಂಬಂಥವು ಸಾಮಾನ್ಯ. ಇವಲ್ಲದೆ ದೇಶಕ್ಕೆಲ್ಲ ಅನ್ವಯಿಸುವ ಕಡ್ಡಾಯ ಷರತ್ತುಗಳಿವೆ: ಕೇಳಿದ ಗಿರಾಕಿಗೆ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಅರ್ಧ ಪೈಂಟ್ ಬಿಯರ್, 125 ಮಿಲಿಲೀಟರ್ ವೈನ್‌ನಂಥ ಸಣ್ಣ ಅಳತೆಗಳು ಸಿಗಬೇಕು. ಸುಂಕ ಮತ್ತು ಅದರ ಮೇಲಿನ ವ್ಯಾಟ್ ಎರಡೂ ಸೇರಿದ ಮೊತ್ತಕ್ಕಿಂತ ಅಗ್ಗವಾಗಿ ಮದ್ಯ ಮಾರುವಂತಿಲ್ಲ ಎಂಬುದು 2014ರಲ್ಲಿ ಸೇರಿದ್ದು.

ಒಂದರ ಮೇಲೊಂದು

ಒಂದೊಂದೇ ಅರ್ಜಿಯನ್ನು ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ನಿರಪಾಯವಾಗಿ ಕಾಣಬಹುದು. ಐವತ್ತು ಸೇರಿದಾಗ ಬೀದಿ ಬೇರೆಯೇ ಆಗಿರುತ್ತದೆ. ಲಂಡನ್ನಿನ ಸೋಹೋದಂಥ ಪ್ರದೇಶಗಳಲ್ಲಿ ಕಾಯ್ದೆ ಎದುರಿಸಿದ ದೊಡ್ಡ ಕಷ್ಟ ಇದು. ಇದಕ್ಕೆ ಕೌನ್ಸಿಲ್‌ಗಳು ಕಂಡುಕೊಂಡ ಉಪಾಯವೇ ಸಂಚಿತ ಪರಿಣಾಮದ ನೀತಿ. ಪ್ರತಿ ಕೌನ್ಸಿಲ್ ಐದು ವರ್ಷಕ್ಕೊಮ್ಮೆ ತನ್ನ ಪರವಾನಗಿ ನೀತಿಯನ್ನು ಪ್ರಕಟಿಸಬೇಕು. ಅದರ ಜೊತೆಗೆ ಅಂಕಿಅಂಶಗಳ ಆಧಾರದಲ್ಲಿ ಕೆಲವು ಪ್ರದೇಶಗಳು ಈಗಾಗಲೇ ತುಂಬಿಹೋಗಿವೆ ಎಂದು ಘೋಷಿಸಬಹುದು. 2018ರ ಏಪ್ರಿಲ್‌ನಿಂದ ಇದಕ್ಕೆ ಕಾಯ್ದೆಯಲ್ಲೇ ಸ್ಥಾನ ಸಿಕ್ಕಿದೆ, ಮೂರು ವರ್ಷಕ್ಕೊಮ್ಮೆ ಪರಿಶೀಲನೆಯೂ ಕಡ್ಡಾಯ. ಅಂಥ ಪ್ರದೇಶದಲ್ಲಿ ಹೊಸ ಅರ್ಜಿಗೆ ತಕರಾರು ಬಂದರೆ, ತನ್ನಿಂದ ತೊಂದರೆ ಹೆಚ್ಚುವುದಿಲ್ಲ ಎಂದು ತೋರಿಸುವ ಭಾರ ಅರ್ಜಿದಾರರ ಮೇಲೆ ಬೀಳುತ್ತದೆ. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ವೆಸ್ಟ್ ಎಂಡ್‌ನಲ್ಲಿ ಇಂಥ ನೀತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಲಂಡನ್ನಿನದೇ ಹ್ಯಾಕ್ನಿ ಕೌನ್ಸಿಲ್ 2018ರಲ್ಲಿ ಶೋರ್‌ಡಿಚ್‌ನಲ್ಲಿದ್ದ ಇಂಥದೇ ವಿಶೇಷ ವಲಯವನ್ನು ಹಿಗ್ಗಿಸಿ, ಹೊಸ ಜಾಗಗಳಿಗೆ ವಾರದ ದಿನಗಳಲ್ಲಿ ರಾತ್ರಿ 11, ವಾರಾಂತ್ಯದಲ್ಲಿ ನಡುರಾತ್ರಿ ಎಂಬ ಮೂಲ ಹೊತ್ತು ಗೊತ್ತುಮಾಡಿದಾಗ ರಾತ್ರಿ ವ್ಯಾಪಾರದವರಿಂದ ದೊಡ್ಡ ಪ್ರತಿರೋಧ ಬಂತು.

ಈ ನೀತಿಗೂ ‘ಯಾರೂ ಮಾತಾಡದಿದ್ದರೆ ಕೊಡಲೇಬೇಕು’ ಎಂಬ ನಿಯಮವೇ ಮೇಲು. ತುಂಬಿಹೋದ ಬೀದಿಯೆಂದು ಕೌನ್ಸಿಲ್ ತಾನೇ ಘೋಷಿಸಿದ್ದರೂ ಅಹವಾಲು ಬಾರದಿದ್ದರೆ ಪರವಾನಗಿ ಹೋಗುತ್ತದೆ. ಅದಕ್ಕೇ ಬಾಡಿಗೆಮನೆಗಳಲ್ಲಿ ವರ್ಷಕ್ಕೊಮ್ಮೆ ಜನ ಬದಲಾಗುವ, ಪಾಳಿ ಕೆಲಸದವರೇ ಹೆಚ್ಚಿರುವ, ಇಂಗ್ಲಿಷ್ ಬರವಣಿಗೆ ಸಲೀಸಲ್ಲದ ಬಡಾವಣೆಗಳಲ್ಲಿ ತಡರಾತ್ರಿಯ ಮದ್ಯದಂಗಡಿ ಸುಲಭವಾಗಿ ನೆಲೆಯೂರುತ್ತದೆ. ನಿವಾಸಿಗಳ ಸಂಘ ಗಟ್ಟಿಯಿರುವ, ನಿವೃತ್ತ ವಕೀಲರಿರುವ ಬೀದಿಯಲ್ಲಿ ಅಷ್ಟು ಸುಲಭವಲ್ಲ.

ಮರುಪರಿಶೀಲನೆ ಮತ್ತು ಫ್ಯಾಬ್ರಿಕ್ ಪ್ರಕರಣ

ಪರವಾನಗಿ ಕೊಟ್ಟ ಮೇಲೆ ತೊಂದರೆ ಶುರುವಾದರೆ ನಿವಾಸಿಗಳಾಗಲಿ ಹೊಣೆಗಾರ ಸಂಸ್ಥೆಗಳಾಗಲಿ ಮರುಪರಿಶೀಲನೆ ಕೋರಬಹುದು. ಉಪಸಮಿತಿ ಷರತ್ತು ಬದಲಿಸಬಹುದು, ಮೂರು ತಿಂಗಳವರೆಗೆ ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಗಂಭೀರ ಅಪರಾಧವಿದ್ದಲ್ಲಿ ಪೊಲೀಸರ ಕೋರಿಕೆಯ ಮೇಲೆ 48 ಗಂಟೆಗಳೊಳಗೆ ತಾತ್ಕಾಲಿಕ ಕ್ರಮ ಬೇಕೇ ಎಂದು ತೀರ್ಮಾನಿಸಬೇಕಾಗುತ್ತದೆ.

ಇದರ ಅತಿ ಪ್ರಸಿದ್ಧ ಉದಾಹರಣೆ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರುಕಟ್ಟೆಯ ಎದುರಿಗಿರುವ ಫ್ಯಾಬ್ರಿಕ್ ನೈಟ್‌ಕ್ಲಬ್. 1999ರಲ್ಲಿ ಶುರುವಾದ ಇದು ಎಲೆಕ್ಟ್ರಾನಿಕ್ ಸಂಗೀತಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ. 2016ರ ಬೇಸಿಗೆಯಲ್ಲಿ 18 ವರ್ಷದ ಇಬ್ಬರು ತರುಣರು ಮಾದಕವಸ್ತು ಸೇವನೆಯಿಂದ ತೀರಿಕೊಂಡರು. ಪೊಲೀಸರು ಮರುಪರಿಶೀಲನೆ ಕೋರಿದರು. ಇಸ್ಲಿಂಗ್ಟನ್ ಕೌನ್ಸಿಲ್ಲಿನ ಉಪಸಮಿತಿ ಸೆಪ್ಟೆಂಬರ್ 6ರಂದು ಶುರುಮಾಡಿದ ವಿಚಾರಣೆ ನಡುರಾತ್ರಿ ದಾಟಿತು. ಕೊನೆಗೆ ಪರವಾನಗಿ ರದ್ದಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕ್ಲಬ್ ಉಳಿಸಿ ಎಂಬ ಮನವಿಗೆ ಸಹಿ ಹಾಕಿದರು. ಕ್ಲಬ್ ಮೇಲ್ಮನವಿ ಸಲ್ಲಿಸಿತು. ಅದು ವಿಚಾರಣೆಗೆ ಬರುವ ಮೊದಲೇ, ನವೆಂಬರ್‌ನಲ್ಲಿ, ಎರಡೂ ಕಡೆಯವರು ರಾಜಿಗೆ ಬಂದರು: ಒಳಬರುವವರ ಗುರುತಿನ ಚೀಟಿಯ ಸ್ಕ್ಯಾನ್, ಹೆಚ್ಚಿನ ತಪಾಸಣೆ ಮತ್ತು ಸಿಸಿಟಿವಿ, ವಾರಾಂತ್ಯದ ರಾತ್ರಿಗಳಲ್ಲಿ 19ಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ ಎಂಬ ಕಟ್ಟುಪಾಡು. 2017ರ ಜನವರಿಯಲ್ಲಿ ಬಾಗಿಲು ಮತ್ತೆ ತೆರೆಯಿತು. ಇಬ್ಬರು ಮಕ್ಕಳನ್ನು ಕಳೆದುಕೊಂಡ ಮನೆಗಳ ಮುಂದೆ ಸಹಿಗಳ ಸಂಖ್ಯೆಗೆ ಅರ್ಥವಿಲ್ಲ. ಹಾಗೆಂದು, ಮುಚ್ಚಿದ ಕ್ಲಬ್ಬಿನಿಂದ ಹೊರಬಿದ್ದ ಯುವಜನ ತಪಾಸಣೆಯಿಲ್ಲದ, ವೈದ್ಯಕೀಯ ನೆರವಿಲ್ಲದ ಗೋದಾಮುಗಳಿಗೆ ಹೋಗುತ್ತಾರೆಂಬ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಷರತ್ತುಗಳಲ್ಲೇ.

ಪೊಲೀಸರ ಮಾತಿಗೆ ಉಪಸಮಿತಿಗಳು ಕೊಡುವ ತೂಕ ಯಾವಾಗಲೂ ನ್ಯಾಯವಾಗಿಯೇ ಬಳಕೆಯಾಗಿದೆ ಎನ್ನಲಾಗದು. ಲಂಡನ್ ಮೆಟ್ರೊಪಾಲಿಟನ್ ಪೊಲೀಸರು ಸಂಗೀತ ಕಾರ್ಯಕ್ರಮಗಳ ಅಪಾಯ ಅಳೆಯಲು 696 ಎಂಬ ಸಂಖ್ಯೆಯ ನಮೂನೆಯೊಂದನ್ನು ಬಳಸುತ್ತಿದ್ದರು. ಬರುವ ಪ್ರೇಕ್ಷಕರು ಯಾವ ಜನಾಂಗದವರೆಂದು ಅದರ ಮೊದಲ ರೂಪ ಕೇಳುತ್ತಿತ್ತು. ಗ್ರೈಮ್, ಗ್ಯಾರೇಜ್‌ನಂಥ ಕಪ್ಪು ಯುವಕರ ಸಂಗೀತಕ್ಕೆ ಇದು ಅಡ್ಡಗಾಲಾಗಿದೆ ಎಂಬ ಟೀಕೆ ವರ್ಷಗಟ್ಟಲೆ ನಡೆದು, 2017ರ ನವೆಂಬರ್‌ನಲ್ಲಿ ಅದನ್ನು ಕೈಬಿಡಲಾಯಿತು.

ಮೇಲ್ಮನವಿ

ಕೌನ್ಸಿಲ್ಲಿನ ತೀರ್ಮಾನ ಒಪ್ಪದವರು 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಎರಡು ತೀರ್ಪುಗಳು ಈ ಕ್ಷೇತ್ರದ ದಿಕ್ಕನ್ನು ಗೊತ್ತುಮಾಡಿವೆ. 2008ರ ಡೇನಿಯಲ್ ಥ್ವೇಟ್ಸ್ ಪ್ರಕರಣದಲ್ಲಿ ವಿರ್ರಲ್ ಪ್ರದೇಶದ ಒಂದು ಪಬ್ಬಿಗೆ ಕೌನ್ಸಿಲ್ ಕೊಟ್ಟಿದ್ದ ಹೊತ್ತನ್ನು ಮ್ಯಾಜಿಸ್ಟ್ರೇಟರು ಕಡಿಮೆ ಮಾಡಿದ್ದರು. ಮುಂದೆ ತೊಂದರೆಯಾಗಬಹುದು ಎಂಬ ಊಹೆಯಷ್ಟೇ ಸಾಲದು, ಆಧಾರ ಬೇಕು ಎಂದು ಹೈಕೋರ್ಟ್ ಅದನ್ನು ರದ್ದುಮಾಡಿತು. ವ್ಯಾಪಾರಿಗಳ ವಕೀಲರು ಇಂದಿಗೂ ಮುಂದಿಡುವ ತೀರ್ಪು ಇದು. ಕೌನ್ಸಿಲ್‌ಗಳು ಮುಂದಿಡುವುದು 2011ರ ಹೋಪ್ ಅಂಡ್ ಗ್ಲೋರಿ ತೀರ್ಪನ್ನು. ಸೋಹೋದ ಒಂದು ಪಬ್ಬಿನ ಗಿರಾಕಿಗಳು ಸಂಜೆ ಆರರ ಮೇಲೆ ಗ್ಲಾಸು ಹಿಡಿದು ಹೊರಗೆ ಹೋಗಬಾರದೆಂದು ವೆಸ್ಟ್‌ಮಿನ್‌ಸ್ಟರ್ ಹಾಕಿದ್ದ ಷರತ್ತಿನ ಪ್ರಶ್ನೆ ಅದು. ಪರವಾನಗಿ ಕೊಡುವುದು ಆಡಳಿತದ ಕೆಲಸ. ಒಂದು ಜಾಗದಲ್ಲಿ ಎಷ್ಟು ಗದ್ದಲ ಸಹ್ಯ ಎಂಬುದು ತೂಗಿ ನೋಡಬೇಕಾದ ವಿಷಯ. ಸಂಸತ್ತು ಆ ಕೆಲಸವನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿರುವುದರಿಂದ, ಅದರ ಕಾರಣಗಳಿಗೆ ಗೌರವ ಕೊಟ್ಟು, ತೀರ್ಮಾನ ತಪ್ಪೆಂದು ಮನವರಿಕೆಯಾದರೆ ಮಾತ್ರ ಬದಲಿಸಬೇಕು ಎಂದು ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಟೂಲ್ಸನ್ ಹೇಳಿದರು. ಕಾರಣಗಳನ್ನು ಚೆನ್ನಾಗಿ ಬರೆದ ಕೌನ್ಸಿಲ್ಲಿಗೆ ಈ ತೀರ್ಪು ಗಟ್ಟಿ ರಕ್ಷೆ, ಅರೆಮನಸ್ಸಿನಿಂದ ಬರೆದದ್ದಕ್ಕೆ ಅಲ್ಲ.

ಟೀಕೆಗಳು

2017ರ ಏಪ್ರಿಲ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ವಿಶೇಷ ಸಮಿತಿ, ಬ್ಯಾರನೆಸ್ ಮೆಕಿಂಟಾಷ್ ಅವರ ಅಧ್ಯಕ್ಷತೆಯಲ್ಲಿ, ಈ ಕಾಯ್ದೆಗೆ ಬುಡದಿಂದಲೇ ದುರಸ್ತಿ ಬೇಕೆಂದು ವರದಿ ಕೊಟ್ಟಿತು. ಕೆಲವು ಉಪಸಮಿತಿಗಳ ಕಾರ್ಯವೈಖರಿಯನ್ನು ಕಟುವಾಗಿ ಟೀಕಿಸಿ, ಈ ಕೆಲಸವನ್ನು ನಗರ ಯೋಜನಾ ಸಮಿತಿಗಳಿಗೆ ಒಪ್ಪಿಸಬೇಕೆಂದಿತು. ತರಬೇತಿ ಇಲ್ಲದ ಕೌನ್ಸಿಲರು ವಿಚಾರಣೆಗೆ ಕೂರಬಾರದೆಂದೂ ಹೇಳಿತು. ಸಮಿತಿಗಳ ವಿಲೀನಕ್ಕೆ ಸರ್ಕಾರ ಒಪ್ಪಲಿಲ್ಲ. ಹಾಗಾಗಿ ಒಂದೇ ಕಟ್ಟಡಕ್ಕೆ ಯೋಜನಾ ಅನುಮತಿಯಲ್ಲಿ ಒಂದು ಮುಚ್ಚುವ ಹೊತ್ತು, ಪರವಾನಗಿಯಲ್ಲಿ ಇನ್ನೊಂದು ಇರುವ ಪರಿಸ್ಥಿತಿ ಉಳಿದಿದೆ. ಎರಡರಲ್ಲಿ ಯಾವುದು ಮೊದಲೋ ಅದನ್ನು ಪಾಲಿಸಬೇಕು. ಶುಲ್ಕದ ಕಥೆ ಇನ್ನೂ ಬೇಸರದ್ದು. ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಹೊಸ ಅರ್ಜಿಗೆ 100ರಿಂದ 635 ಪೌಂಡ್, ವರ್ಷಕ್ಕೆ 70ರಿಂದ 350 ಪೌಂಡ್ ಎಂದು 2005ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಎರಡು ದಶಕವಾದರೂ ಏರಿಲ್ಲ. ಕೊರತೆ ತುಂಬುವುದು ಸ್ಥಳೀಯ ತೆರಿಗೆದಾರರು.

ಎಲ್ಲಕ್ಕಿಂತ ದೊಡ್ಡ ಲೋಪ ಆರೋಗ್ಯದ್ದು. ಆರೋಗ್ಯ ನಿರ್ದೇಶಕರು ಅಹವಾಲು ಸಲ್ಲಿಸಬಹುದು, ಆದರೆ ನಾಲ್ಕು ಉದ್ದೇಶಗಳಲ್ಲಿ ಆರೋಗ್ಯವಿಲ್ಲ. ಯಕೃತ್ತಿನ ಕಾಯಿಲೆಯಿಂದ ಸಾಯುವವರ ಲೆಕ್ಕ ಹಿಡಿದು ಬಂದರೆ ಉಪಸಮಿತಿ ಕೇಳಿಸಿಕೊಳ್ಳುವಂತಿಲ್ಲ. ಅದನ್ನು ಹೇಗಾದರೂ ಅಪರಾಧಕ್ಕೋ ಮಕ್ಕಳ ಹಾನಿಗೋ ಜೋಡಿಸಬೇಕು. ಈ ಇಕ್ಕಟ್ಟಿನಲ್ಲೂ ಕೆಲಸಕ್ಕೆ ಬಂದದ್ದು ಶಸ್ತ್ರವೈದ್ಯ ಜೊನಾಥನ್ ಷೆಪರ್ಡ್ ಕಾರ್ಡಿಫ್‌ನಲ್ಲಿ ರೂಪಿಸಿದ ವಿಧಾನ. ಹೊಡೆತ ತಿಂದು ತುರ್ತು ಚಿಕಿತ್ಸೆಗೆ ಬಂದವರನ್ನು ಎಲ್ಲಿ, ಯಾವಾಗ ಪೆಟ್ಟಾಯಿತೆಂದು ಕೇಳಿ, ಹೆಸರಿಲ್ಲದೆ ಆ ಮಾಹಿತಿಯನ್ನು ಪೊಲೀಸರಿಗೂ ಕೌನ್ಸಿಲ್ಲಿಗೂ ಕೊಡುವುದು. ಪೊಲೀಸ್ ದಾಖಲೆಗೆ ಬಾರದ ಎಷ್ಟೋ ಜಗಳಗಳು ಹೀಗೆ ಬೆಳಕಿಗೆ ಬಂದವು. ಸ್ಕಾಟ್ಲೆಂಡ್ ಇನ್ನೂ ಮುಂದೆ ಹೋಗಿದೆ. ಅಲ್ಲಿನ 2005ರ ಕಾಯ್ದೆಯಲ್ಲಿ ಸಾರ್ವಜನಿಕ ಆರೋಗ್ಯ ಐದನೆಯ ಉದ್ದೇಶ. ಒಂದು ಪ್ರದೇಶದಲ್ಲಿ ಮದ್ಯದಂಗಡಿಗಳು ಅತಿಯಾಗಿವೆಯೇ ಎಂದು ಪರವಾನಗಿ ಮಂಡಳಿಗಳೇ ಅಳೆದು ಹೇಳಬೇಕು. ಉತ್ತರ ಐರ್ಲೆಂಡ್‌ನಲ್ಲಿ ಪರವಾನಗಿ ಕೊಡುವುದು ನ್ಯಾಯಾಲಯ, ಹೊಸ ಪಬ್ ತೆರೆಯಬೇಕಾದರೆ ಹಳೆಯ ಪರವಾನಗಿಯೊಂದನ್ನು ಒಪ್ಪಿಸಬೇಕು.

ಕರ್ನಾಟಕದೊಡನೆ ಹೋಲಿಕೆ

ಕರ್ನಾಟಕದಲ್ಲಿ ಮದ್ಯದ ಲೈಸೆನ್ಸ್ 1965ರ ಅಬಕಾರಿ ಕಾಯ್ದೆಯ ಅಡಿಯಲ್ಲಿ ರಾಜ್ಯ ಸರ್ಕಾರದ್ದು. ಮದ್ಯದಂಗಡಿಗೆ ಸಿಎಲ್-2, ವಸತಿಗೃಹಕ್ಕೆ ಸಿಎಲ್-7, ಬಾರಿಗೆ ಸಿಎಲ್-9 ಎಂಬ ವರ್ಗಗಳಿವೆ. ಶಾಲೆ, ಪೂಜಾಸ್ಥಳಗಳಿಂದ 100 ಮೀಟರ್ ಅಂತರವಿರಬೇಕೆಂಬಂಥ ನಿಯಮಗಳನ್ನು ನೋಡಿ ತೀರ್ಮಾನಿಸುವವರು ಅಬಕಾರಿ ಮತ್ತು ಜಿಲ್ಲಾಡಳಿತದ ಅಧಿಕಾರಿಗಳು. ಇಂಗ್ಲೆಂಡಿನ ಉಪಸಮಿತಿ ಒಂದೊಂದು ಬಾಗಿಲು, ಕಿಟಕಿಯ ಬಗ್ಗೆ ಕೇಳಿದರೆ ನಮ್ಮಲ್ಲಿ ಅಳತೆಪಟ್ಟಿಯೇ ಬಹುಮಟ್ಟಿಗೆ ಉತ್ತರ ಹೇಳುತ್ತದೆ. ಬೆಂಗಳೂರಿನ ಲೈವ್ ಬ್ಯಾಂಡ್, ಡಿಸ್ಕೊಗಳಿಗೆ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್. ಅದಕ್ಕೆಂದು ರೂಪಿಸಿದ 2005ರ ಆದೇಶವನ್ನು ಲೈವ್ ಬ್ಯಾಂಡ್ ರೆಸ್ಟೋರೆಂಟ್‌ಗಳ ಸಂಘ ಪ್ರಶ್ನಿಸಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ಹಣ ಯಾರಿಗೆ ಸೇರುತ್ತದೆ ಎಂಬುದರಲ್ಲೂ ಎರಡು ಕಡೆ ವ್ಯತ್ಯಾಸವಿದೆ. ಇಂಗ್ಲಿಷ್ ಕೌನ್ಸಿಲ್ಲಿಗೆ ಮದ್ಯದ ಸುಂಕದಿಂದ ಒಂದು ಪೆನ್ನಿಯೂ ನೇರವಾಗಿ ಬರುವುದಿಲ್ಲ, ಅದು ಕೇಂದ್ರ ಖಜಾನೆಯದು. ಹಾಗಾಗಿ ಬೇಡವೆನ್ನಲು ಅದಕ್ಕೆ ಹಣದ ಅಡ್ಡಿ ಕಡಿಮೆ. ಕರ್ನಾಟಕದಲ್ಲಿ ಲೈಸೆನ್ಸ್ ಕೊಡುವ ಇಲಾಖೆಗೇ ವರ್ಷದ ವರಮಾನದ ಗುರಿಯೂ ಇದೆ. ಹೊಸ ಮದ್ಯದಂಗಡಿ ಬೇಡವೆಂದು ಹಳ್ಳಿಯ ಹೆಂಗಸರು ರಸ್ತೆಯಲ್ಲಿ ಕುಳಿತು ಪ್ರತಿಭಟಿಸುವುದು, ಗ್ರಾಮಸಭೆಗಳು ನಿರ್ಣಯ ಮಾಡುವುದು ರಾಜ್ಯದ ಬಹುತೇಕ ಜಿಲ್ಲೆಗಳಿಗೆ ಹೊಸತಲ್ಲ. ಅವರ ಮಾತನ್ನು ಇಂತಿಷ್ಟು ದಿನಗಳೊಳಗೆ ಬರಹದಲ್ಲಿ ಪಡೆದು, ಮಾಲೀಕರನ್ನೂ ಎದುರಿಗೆ ಕೂರಿಸಿಕೊಂಡು, ಅವರೇ ಆರಿಸಿದ ಮೂವರು ಸದಸ್ಯರು ಬಹಿರಂಗವಾಗಿ ಕೇಳಿ, ಕಾರಣ ಬರೆದು ತೀರ್ಪು ಕೊಡುವ ಅಧಿಕಾರ ಅಲ್ಲಿನ ಪಂಚಾಯಿತಿಗಿಲ್ಲ, ಬೆಂಗಳೂರಿನ ವಾರ್ಡ್ ಸಮಿತಿಗೂ ಇಲ್ಲ.